ಗೋಧಿಯಿಂದ ಗ್ರಂಥಕ್ಕೆ

ನಾನು ಬಾಲಕನಾಗಿದ್ದಾಗ ಊರಿನ ಸೊಸೈಟಿಯ ಮುಂದೆ ಗೋಣಿಚೀಲ ಹಿಡಿದು ಸಾಲಿನಲ್ಲಿ ನಿಂತದ್ದು ನನಗಿನ್ನೂ ಚೆನ್ನಾಗಿ ನೆನಪಿದೆ. ಅದು 1966ನೆಯ ಇಸವಿ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಆ ವರ್ಷವೂ ಮೋಡಗಳು ಮುಖ ತೋರಿಸಿ ಮುಂದೆ ಹೋಗಿದ್ದವು. ಪಿರಿಯಾಪಟ್ಟಣದ ಸೀಮೆಯವರಾದ ನಮಗೆ ರಾಗಿಯೇ ದಿನದ ಊಟ. ಗೋಧಿಯನ್ನು ನಾವು ಹಬ್ಬದ ದಿನದ ಅಡಿಗೆಯಲ್ಲಿ ಕಂಡಿದ್ದೆವೇ ಹೊರತು, ನಿತ್ಯವೂ ಹೊಟ್ಟೆ ತುಂಬಿಸುವ ಧಾನ್ಯವೆಂದು ಬಗೆದಿರಲಿಲ್ಲ. ಅಂಥ ನಮ್ಮೂರಿಗೆ ಲಾರಿಯಲ್ಲಿ ಗೋಧಿ ಬಂತು. ಜನ ಅದನ್ನು ‘ಅಮೆರಿಕದ ಗೋಧಿ’ ಎಂದು ಕರೆದರು. ನನ್ನ ಅಜ್ಜಿ ಆ ಹಿಟ್ಟನ್ನು ಅಂಗೈಯಲ್ಲಿ ಹಿಡಿದು, “ಮುದ್ದೆ ಕಟ್ಟೋಕೆ ಬರದ ಹಿಟ್ಟೂ ಒಂದು ಹಿಟ್ಟೇನೋ ಮಗ?” ಎಂದು ಮೂಗು ಮುರಿದಳು. ಮುರಿದರೂ ಅದನ್ನೇ ರೊಟ್ಟಿ ತಟ್ಟಿ ನಮ್ಮ ಹೊಟ್ಟೆಗೆ ಹಾಕಿದಳು. ಆ ವರ್ಷ ಭಾರತ ಹೊರದೇಶಗಳಿಂದ ತರಿಸಿಕೊಂಡ ಆಹಾರಧಾನ್ಯ ಒಂದು ಕೋಟಿ ಟನ್ನಿಗೂ ಮಿಕ್ಕಿತ್ತೆಂದು ನಾನು ಬಲ್ಲವನಾದದ್ದು ಬಹುಕಾಲದ ಮೇಲೆ.

ಆ ಗೋಧಿಗೂ ಬೌದ್ಧಧರ್ಮದ ಗ್ರಂಥಗಳಿಗೂ ಸಂಬಂಧವಿದೆಯೆಂದು ಯಾರಾದರೂ ಆಗ ಹೇಳಿದ್ದರೆ ನಮ್ಮೂರಿನವರು ನಗುತ್ತಿದ್ದರು. ನಾನು ಅದನ್ನು ತಿಳಿದಾಗ ನನಗೂ ನಂಬುವುದು ಕಷ್ಟವಾಯಿತು. ಆದರೆ ಸಂಬಂಧವಿದ್ದುದು ನಿಜ. ಆ ಸಂಬಂಧವನ್ನು ಬದುಕಿನ ಕಸುಬನ್ನಾಗಿ ಮಾಡಿಕೊಂಡ ಒಬ್ಬ ಗ್ರಂಥಪಾಲರ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಹೇಳುವಾಗ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ, ವಾಚಕರು ಸೈರಿಸಬೇಕು.

ಅಮೆರಿಕದಲ್ಲಿ 1954ರಲ್ಲಿ ಒಂದು ಕಾಯಿದೆಯಾಯಿತು. ಅದರ ಕ್ರಮಸಂಖ್ಯೆಯಿಂದ ಅದು ‘ಪಿ. ಎಲ್. 480’ ಎಂದು ಪ್ರಸಿದ್ಧವಾಯಿತು. ಆ ದೇಶದಲ್ಲಿ ಬೆಳೆದು ಉಳಿದ ಧಾನ್ಯವನ್ನು ಕೊರತೆಯ ದೇಶಗಳಿಗೆ ಮಾರುವುದು, ಬೆಲೆಯನ್ನು ಡಾಲರಿನಲ್ಲಿ ಕೇಳದೆ ಆಯಾ ದೇಶದ ನಾಣ್ಯದಲ್ಲಿಯೇ ಪಡೆಯುವುದು ಅದರ ಮುಖ್ಯ ಏರ್ಪಾಡು. ಹೀಗೆ ಅಮೆರಿಕದ ಲೆಕ್ಕದಲ್ಲಿ ಭಾರತದ ರೂಪಾಯಿ ರಾಶಿಬಿದ್ದಿತು. ಆ ರೂಪಾಯಿಯಲ್ಲಿ ಒಂದು ಸಣ್ಣ ಪಾಲನ್ನು ಪುಸ್ತಕ ಕೊಳ್ಳಲು ಬಳಸಬಹುದೆಂದು 1958ರಲ್ಲಿ ಅನುಮತಿಯಾಯಿತು. ಅಮೆರಿಕದ ರಾಷ್ಟ್ರೀಯ ಗ್ರಂಥಭಂಡಾರವೆನ್ನಬಹುದಾದ ಲೈಬ್ರರಿ ಆಫ್ ಕಾಂಗ್ರೆಸ್, 1962ರಲ್ಲಿ ಭಾರತದಲ್ಲಿ ಈ ಕೆಲಸವನ್ನು ಆರಂಭಿಸಿ, ನಮ್ಮ ಭಾಷೆಗಳಲ್ಲಿ ಅಚ್ಚಾಗುವ ಗ್ರಂಥಗಳನ್ನು ಕೊಂಡು ತನ್ನ ದೇಶದ ವಿಶ್ವವಿದ್ಯಾನಿಲಯಗಳಿಗೆ ಹಂಚತೊಡಗಿತು. ಕನ್ನಡದ ಕಾದಂಬರಿಗಳೂ ಕವನಸಂಗ್ರಹಗಳೂ ಹಡಗು ಹತ್ತಿ ಅಮೆರಿಕದ ಕಪಾಟುಗಳನ್ನು ಸೇರಿದ್ದು ಹೀಗೆಯೇ. ನಮ್ಮ ಅಜ್ಜಿಯ ರೊಟ್ಟಿಯ ಬೆಲೆಯಲ್ಲಿ ನಮ್ಮ ಲೇಖಕರ ಪುಸ್ತಕಗಳು ಮಾರಾಟವಾದವೆಂದರೆ ಅತಿಶಯೋಕ್ತಿಯಲ್ಲ.

ಈ ಕಛೇರಿಗೆ 1968ರಲ್ಲಿ ಒಬ್ಬ ಯುವಕ ಸೇರಿಕೊಂಡರು. ಅವರ ಹೆಸರು ಜೀನ್ ಸ್ಮಿತ್. 1936ರಲ್ಲಿ ಯೂಟಾ ಪ್ರಾಂತದ ಆಗ್ಡೆನ್ ಎಂಬ ಊರಿನಲ್ಲಿ, ಮಾರ್ಮನ್ ಪಂಥದ ಮನೆತನವೊಂದರಲ್ಲಿ ಅವರ ಜನನ. ಸಿಯಾಟಲ್ ನಗರದ ವಿಶ್ವವಿದ್ಯಾನಿಲಯದಲ್ಲಿ ಅವರು ಓದುತ್ತಿದ್ದಾಗ, 1960ರಲ್ಲಿ, ಟಿಬೆಟ್ಟಿನಿಂದ ದೇಶಭ್ರಷ್ಟರಾಗಿ ಬಂದಿದ್ದ ದೆಝುಂಗ್ ರಿನ್ಪೋಚೆ ಎಂಬ ವಿದ್ವಾಂಸರು ಅಲ್ಲಿಗೆ ಬಂದರು. ಸ್ಮಿತ್ತರು ಅವರಲ್ಲಿ ಟಿಬೆಟ್ಟಿನ ಭಾಷೆಯನ್ನೂ ಬೌದ್ಧಶಾಸ್ತ್ರವನ್ನೂ ಕಲಿತರು. ಕಲಿಯುವುದಕ್ಕೆ ಗುರುವಿದ್ದರು, ಶಿಷ್ಯನಿದ್ದನು, ಪುಸ್ತಕವಿರಲಿಲ್ಲ. ಗುರುವಿನ ಬಾಯಲ್ಲಿ ಬರುತ್ತಿದ್ದ ನೂರಾರು ಗ್ರಂಥಗಳ ಹೆಸರುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಆ ದೊಡ್ಡ ದೇಶದ ಪುಸ್ತಕಾಲಯಗಳಲ್ಲಿ ದೊರೆಯುತ್ತಿದ್ದುವು. ಆ ಗ್ರಂಥಗಳನ್ನು ಹುಡುಕಿ ಉಳಿಸಬೇಕೆಂಬ ಪ್ರೇರಣೆ ಶಿಷ್ಯನಿಗೆ ಗುರುವಿನಿಂದಲೇ ಬಂತು. 1965ರಲ್ಲಿ ಸ್ಮಿತ್ತರು ವಿದ್ಯಾರ್ಥಿವೇತನವೊಂದನ್ನು ಪಡೆದು ಭಾರತಕ್ಕೆ ಬಂದು, ದಿಲ್ಗೊ ಖ್ಯೆಂಟ್ಸೆ ರಿನ್ಪೋಚೆ ಮೊದಲಾದ ಹಿರಿಯರ ಬಳಿ ಶಿಕ್ಷಣವನ್ನು ಮುಂದುವರಿಸಿದರು.

ಅಂದಿನ ಪರಿಸ್ಥಿತಿಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 1959ರ ಮಾರ್ಚಿಯಲ್ಲಿ ದಲಾಯಿ ಲಾಮಾ ಅವರು ಟಿಬೆಟ್ಟನ್ನು ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆಯೇ ಹಿಮದ ಕಣಿವೆಗಳನ್ನು ದಾಟಿ ಸಹಸ್ರಾರು ಜನ ಬಂದರು. ಭಿಕ್ಷುಗಳಲ್ಲಿ ಅನೇಕರನ್ನು ಬಂಗಾಳದ ಬಕ್ಸಾ ಎಂಬಲ್ಲಿ ಇರಿಸಲಾಯಿತು. ಅದು ಬ್ರಿಟಿಷರು ನಮ್ಮ ದೇಶಭಕ್ತರನ್ನು ಕೂಡಿಹಾಕುತ್ತಿದ್ದ ಸೆರೆಮನೆ. ಹೊಟ್ಟೆಗೆ ಅನ್ನ, ಮೈಗೆ ಬಟ್ಟೆ ಹೊತ್ತು ತರುವುದೇ ಕಷ್ಟವಾಗಿದ್ದ ಆ ದಾರಿಯಲ್ಲಿ ಕೆಲವರು ಪುಸ್ತಕಗಳನ್ನು ಹೊತ್ತು ತಂದರು. ಟಿಬೆಟ್ಟಿನ ಪುಸ್ತಕ ನಮ್ಮ ಪುಸ್ತಕದಂತಲ್ಲ. ನಮ್ಮ ತಾಳೆಗರಿಯ ಆಕಾರದಲ್ಲಿಯೇ ಉದ್ದುದ್ದವಾಗಿ ಕತ್ತರಿಸಿದ ಬಿಡಿಹಾಳೆಗಳು. ಮರದ ಅಚ್ಚಿನಿಂದ ಒತ್ತಿದ ಅಕ್ಷರಗಳು. ಮೇಲೊಂದು ಕೆಳಗೊಂದು ಹಲಗೆ. ಸುತ್ತ ಒಂದು ವಸ್ತ್ರ. ಬುದ್ಧವಚನಗಳ ಸಂಗ್ರಹವೇ ನೂರಕ್ಕೂ ಹೆಚ್ಚು ಸಂಪುಟ. ಅದರ ಮೇಲೆ ಭಾರತೀಯ ಆಚಾರ್ಯರು ಬರೆದ ಶಾಸ್ತ್ರಗಳ ಅನುವಾದ ಇನ್ನೂರಕ್ಕೂ ಹೆಚ್ಚು. ಟಿಬೆಟ್ಟಿನವರೇ ರಚಿಸಿದುದಕ್ಕೆ ಎಣೆಯಿಲ್ಲ. 1966ರಲ್ಲಿ ಚೀನದಲ್ಲಿ ಸಾಂಸ್ಕೃತಿಕ ಕ್ರಾಂತಿಯ ಹೆಸರಿನ ಬಿರುಗಾಳಿಯೆದ್ದಿತು. ಟಿಬೆಟ್ಟಿನಲ್ಲಿ ಅದುವರೆಗೆ ಉಳಿದಿದ್ದ ವಿಹಾರಗಳು ನೆಲಕ್ಕುರುಳಿ ಅಲ್ಲಿನ ಗ್ರಂಥರಾಶಿಗಳು ಬೆಂಕಿಗೆ ಬಿದ್ದುವು. ನಾನು ಸೊಸೈಟಿಯ ಮುಂದೆ ಗೋಧಿಗಾಗಿ ನಿಂತಿದ್ದ ವರ್ಷವೇ ಅದು.

ಹೀಗಿರುವಲ್ಲಿ ನಿರಾಶ್ರಿತರ ಬಳಿ ಉಳಿದಿದ್ದ ಒಂದೊಂದು ಪ್ರತಿಯೂ ಕೆಲವೊಮ್ಮೆ ಲೋಕದಲ್ಲಿ ಉಳಿದ ಏಕೈಕ ಪ್ರತಿಯಾಗಿರುವ ಸಂಭವವಿತ್ತು. ಸ್ಮಿತ್ತರು ದೆಹಲಿಯ ಕಛೇರಿಯಲ್ಲಿ ಕುಳಿತು ಮಾಡಿದ ಕೆಲಸ ಇಷ್ಟೆ: ಟಿಬೆಟ್ಟಿನವರು ತಮ್ಮಲ್ಲಿದ್ದ ಗ್ರಂಥಗಳ ಪಡಿಯಚ್ಚು ತೆಗೆದು ಭಾರತದಲ್ಲಿ ಮುದ್ರಿಸಿದರೆ, ಅದರ ಹಲವು ಪ್ರತಿಗಳನ್ನು ಗೋಧಿಯ ರೂಪಾಯಿಯಿಂದ ಕೊಳ್ಳುವ ಏರ್ಪಾಡು. ಮುದ್ರಿಸುವವನಿಗೆ ಖರ್ಚು ಹುಟ್ಟುತ್ತಿತ್ತು. ಭಿಕ್ಷುವಿಗೆ ಪುಸ್ತಕ ಉಳಿಯುತ್ತಿತ್ತು. ದೂರದ ವಿಶ್ವವಿದ್ಯಾನಿಲಯಕ್ಕೆ ಓದಲು ಸಿಗುತ್ತಿತ್ತು. ಒಂದೇ ಕಡೆ ಇದ್ದದ್ದು ಹಲವು ಕಡೆ ಇದ್ದಿತು. ಇದರ ಜೊತೆಗೆ ಅನೇಕ ಗ್ರಂಥಗಳಿಗೆ ಅವರು ಪೀಠಿಕೆಗಳನ್ನು ಬರೆದರು: ಗ್ರಂಥಕಾರ ಯಾರು, ಯಾವ ಪರಂಪರೆಯವನು, ಯಾವ ಕಾಲದವನು ಎಂಬುದನ್ನೆಲ್ಲ ಬಿಡಿಸಿ ಹೇಳುವ ಪೀಠಿಕೆಗಳು. ಅವು ಎಷ್ಟೋ ಕಾಲ ವಿದ್ವಾಂಸರ ಕೈಯಿಂದ ಕೈಗೆ ನಕಲುಗಳಾಗಿ ಓಡಾಡಿ, 2001ರಲ್ಲಿ ಪುಸ್ತಕರೂಪದಲ್ಲಿ ಬಂದುವು. ಸರ್ಕಾರಿ ಕಛೇರಿಯ ನೌಕರಿಯನ್ನು ಒಬ್ಬ ಮನುಷ್ಯ ಹೀಗೂ ಮಾಡಬಹುದೆಂಬುದು ನನಗೆ ಪಾಠವಾಗಿ ತೋರುತ್ತದೆ.

ನನ್ನ ತಪ್ಪನ್ನು ಹೇಳಬೇಕಾದ ಸ್ಥಳ ಇದೇ. 1978ರಲ್ಲಿ ನನ್ನ ತಾತ ತೀರಿಕೊಂಡರು. ನಾನಾಗ ಮೈಸೂರಿನಲ್ಲಿ ಬಿ. ಎ. ತರಗತಿಯಲ್ಲಿದ್ದೆ, ಕನ್ನಡವೇ ನನ್ನ ಮುಖ್ಯ ವಿಷಯ. ತಾತನ ಕೋಣೆಯ ಅಟ್ಟದಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ಐದಾರು ತಾಳೆಗರಿಯ ಕಟ್ಟುಗಳಿದ್ದುವು. ಅವುಗಳಲ್ಲಿ ಏನಿತ್ತೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶಿವರಾತ್ರಿಯ ದಿನ ಕೆಳಗಿಳಿಸಿ, ಹೂವಿಟ್ಟು, ಮತ್ತೆ ಮೇಲಿಡುವುದೊಂದೇ ಗೊತ್ತು. ತಾತನ ಅಸ್ಥಿಯನ್ನು ರಾಮನಾಥಪುರದಲ್ಲಿ ಕಾವೇರಿಗೆ ಬಿಡಲು ಹೊರಟಾಗ ದೊಡ್ಡಪ್ಪನವರು ಆ ಕಟ್ಟುಗಳನ್ನೂ ಚೀಲಕ್ಕೆ ಹಾಕಿದರು. “ಹುಳು ಹಿಡಿದದ್ದು ಮನೇಲಿರಬಾರದಪ್ಪ. ಓದೋರಿಲ್ಲ, ಪೂಜೆ ಮಾಡೋರೂ ಇನ್ನಿಲ್ಲ. ಹೊಳೆಗೆ ಬಿಟ್ಟರೆ ದೋಷವಿಲ್ಲ” ಎಂದರು. ಆ ಚೀಲವನ್ನು ಹೊತ್ತವನು ನಾನು. ಮೆಟ್ಟಿಲ ಮೇಲೆ ನಿಂತು ಕಟ್ಟುಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟವನೂ ನಾನೇ. ಗರಿಗಳು ಸ್ವಲ್ಪ ದೂರ ತೇಲಿ, ನೆನೆದು, ಸುಳಿಯಲ್ಲಿ ಇಳಿದುಹೋದುವು.

ದೊಡ್ಡಪ್ಪನವರಿಗೆ ತಿಳಿಯದು, ಅವರನ್ನು ನಾನು ದೂರುವುದಿಲ್ಲ. ನನಗೆ ತಿಳಿದಿತ್ತು. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಮುಂದೆಯೇ ನಾನು ದಿನವೂ ನಡೆದು ಹೋಗುತ್ತಿದ್ದೆ. 1905ರಲ್ಲಿ ತಂಜಾವೂರಿನ ಕಡೆಯ ಪಂಡಿತರೊಬ್ಬರು ಆ ಗ್ರಂಥಾಲಯಕ್ಕೆ ತಂದುಕೊಟ್ಟ ಗರಿಗಳ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಕಂಡುಹಿಡಿದು 1909ರಲ್ಲಿ ಪ್ರಕಟಿಸಿದ ಕಥೆಯನ್ನು ನಮ್ಮ ಉಪಾಧ್ಯಾಯರು ತರಗತಿಯಲ್ಲಿ ಉತ್ಸಾಹದಿಂದ ಹೇಳಿದ್ದರು. ನಾನು ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಪಡೆದಿದ್ದೆ. ಆದರೂ ಆ ದಿನ ಹಿರಿಯರ ಎದುರು ಬಾಯಿ ತೆರೆಯಲು ನನಗೆ ಸಂಕೋಚವಾಯಿತು. ನಮ್ಮ ಮನೆಯ ಕಟ್ಟುಗಳಲ್ಲಿ ಅರ್ಥಶಾಸ್ತ್ರದಂಥದೇನೂ ಇದ್ದಿರಲಾರದು. ಇರಲಿಲ್ಲವೆಂದು ನಿಶ್ಚಯವಾಗಿ ಹೇಳುವಂತೆಯೂ ಇಲ್ಲ. ಆ ಅನಿಶ್ಚಯ ಇಷ್ಟು ವರ್ಷಗಳಾದರೂ ನನ್ನನ್ನು ಬಿಟ್ಟಿಲ್ಲ. ಸ್ಮಿತ್ತರ ಜೀವನವನ್ನು ಓದಿದಾಗ ಮೊದಲು ನನ್ನ ಕಣ್ಣಿಗೆ ಬಂದದ್ದು ಆ ಕಾವೇರಿಯ ಸುಳಿ.

ದೂರದ ಟಿಬೆಟ್ಟಿನ ಗ್ರಂಥ ಉಳಿದರೆ ನಮಗೇನೆಂದು ಕೆಲವರು ಕೇಳಬಹುದು. ನಮಗೆ ಇರುವ ಲಾಭ ಬಹಳ ದೊಡ್ಡದು. ನಾಲಂದಾದಲ್ಲಿ ಪಾಠ ಹೇಳಿದ ಆಚಾರ್ಯರ ಸಂಸ್ಕೃತ ಗ್ರಂಥಗಳಲ್ಲಿ ಹೆಚ್ಚಿನವು ಭಾರತದಲ್ಲಿ ಕಾಣೆಯಾದುವು. ಅವುಗಳ ಅನುವಾದಗಳು ಮಾತ್ರ ಟಿಬೆಟ್ಟಿನಲ್ಲಿ ಪದಕ್ಕೆ ಪದವೆಂಬಷ್ಟು ನಿಷ್ಠೆಯಿಂದ ಉಳಿದುವು. ಬೌದ್ಧ ತರ್ಕಶಾಸ್ತ್ರದ ಮೂಲಪುರುಷನಾದ ದಿಙ್ನಾಗನ ‘ಪ್ರಮಾಣಸಮುಚ್ಚಯ’ವೇ ಇದಕ್ಕೆ ನಿದರ್ಶನ. ಆ ಗ್ರಂಥದ ಮೊದಲ ಪರಿಚ್ಛೇದವನ್ನು ಟಿಬೆಟ್ಟಿನ ಅನುವಾದದಿಂದ ಮತ್ತೆ ಸಂಸ್ಕೃತಕ್ಕೆ ತಿರುಗಿಸಿ 1930ರಲ್ಲಿ ಪ್ರಕಟಿಸಿದವರು ನಮ್ಮ ಮೈಸೂರಿನ ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ಯರು, ಪ್ರಕಟಿಸಿದ್ದು ಮೈಸೂರು ವಿಶ್ವವಿದ್ಯಾನಿಲಯ. ಮನೆಯಲ್ಲಿ ಕಳೆದ ಒಡವೆಯನ್ನು ನೆರೆಮನೆಯವರು ಜೋಪಾನ ಮಾಡಿಟ್ಟಿದ್ದು, ನಾವು ಹೋಗಿ ಅದರ ಅಚ್ಚನ್ನು ತೆಗೆದುಕೊಂಡು ಬಂದಂತೆ ಇದು. ಮುಂದೆ 2005ರಲ್ಲಿ ವಿಯೆನ್ನಾದ ವಿದ್ವಾಂಸರು ಆ ಗ್ರಂಥದ ಮೇಲಣ ಜಿನೇಂದ್ರಬುದ್ಧಿಯ ಸಂಸ್ಕೃತ ಟೀಕೆಯನ್ನು ಟಿಬೆಟ್ಟಿನಲ್ಲಿ ಉಳಿದಿದ್ದ ಹಸ್ತಪ್ರತಿಯಿಂದ ಸಂಪಾದಿಸಿ ಬೆಳಕಿಗೆ ತರಲಾರಂಭಿಸಿದರು. ಒಂದು ಗ್ರಂಥ ಎಲ್ಲಿಯೋ ಒಂದು ಕಡೆ ಉಳಿದಿದ್ದರೆ, ಎಷ್ಟು ಶತಮಾನಗಳ ಮೇಲಾದರೂ ಅದು ಮನೆಗೆ ಮರಳಬಹುದು. ಉಳಿದಿರಬೇಕು, ಅಷ್ಟೆ.

ಸ್ಮಿತ್ತರು ದೆಹಲಿಯಲ್ಲಿ 1985ರವರೆಗೆ ಇದ್ದು, ಅನಂತರ ಜಕಾರ್ತಾ, ಕೈರೋ ನಗರಗಳ ಕಛೇರಿಗಳಲ್ಲಿ ಕೆಲಸ ಮಾಡಿ ನಿವೃತ್ತರಾದರು. ಅಷ್ಟರಲ್ಲಿ ಅವರಲ್ಲಿ ಸುಮಾರು 12,000 ಸಂಪುಟಗಳ ಸ್ವಂತ ಸಂಗ್ರಹ ಬೆಳೆದಿತ್ತು. ಅರುವತ್ತು ದಾಟಿದ ಮನುಷ್ಯ ತನ್ನ ಪುಸ್ತಕಗಳ ನಡುವೆ ನೆಮ್ಮದಿಯಾಗಿ ಓದಿಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. 1999ರಲ್ಲಿ ಕೆಲವು ಮಿತ್ರರೊಡನೆ ಅಮೆರಿಕದ ಕೇಂಬ್ರಿಡ್ಜಿನಲ್ಲಿ ‘ಟಿಬೆಟನ್ ಬುದ್ಧಿಸ್ಟ್ ರಿಸೋರ್ಸ್ ಸೆಂಟರ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಒಂದೊಂದು ಹಾಳೆಯ ಎರಡು ಮಗ್ಗುಲನ್ನೂ ಸ್ಕ್ಯಾನ್ ಮಾಡಿ, ಕಂಪ್ಯೂಟರಿನ ಮೂಲಕ ಕೇಳಿದವರಿಗೆಲ್ಲ ದೊರೆಯುವಂತೆ ಮಾಡುವುದು ಅದರ ಉದ್ದೇಶ. ಅಂತರ್ಜಾಲ ಸುಲಭವಾಗಿ ದೊರೆಯದ ವಿಹಾರಗಳಿಗೆ ಇಡೀ ಗ್ರಂಥಭಂಡಾರವನ್ನು ಹಾರ್ಡ್ ಡಿಸ್ಕ್ ಎಂಬ ಸಣ್ಣ ಪೆಟ್ಟಿಗೆಯಲ್ಲಿ ತುಂಬಿ ಕೊಡಲಾಯಿತು. ಹಿಂದೆ ಹತ್ತಾರು ಹೇಸರಗತ್ತೆಗಳೂ ಹೊರಲಾರದಿದ್ದ ಹೊರೆ ಭಿಕ್ಷುವಿನ ಅಂಗೈಯಲ್ಲಿ ಕುಳಿತಿತು.

ಈ ಕೆಲಸದಲ್ಲಿ ಯಂತ್ರದ ಪಾಲಿಗಿಂತ ಮನುಷ್ಯನ ಪಾಲೇ ಹಿರಿದು. ಚಿತ್ರ ತೆಗೆಯುವುದು ಯಾರಿಗೂ ಬರುತ್ತದೆ. ಲಕ್ಷಾಂತರ ಚಿತ್ರಗಳಲ್ಲಿ ಬೇಕಾದುದು ಸಿಗಬೇಕಾದರೆ ಸೂಚಿ ಬೇಕು. ಟಿಬೆಟ್ಟಿನಲ್ಲಿ ಒಂದೇ ಹೆಸರಿನ ಹತ್ತು ಗ್ರಂಥಕಾರರಿರುತ್ತಾರೆ. ಒಬ್ಬ ಗ್ರಂಥಕಾರನಿಗೆ ದೀಕ್ಷೆಗೊಂದು, ಕಾವ್ಯಕ್ಕೊಂದು, ಗುಪ್ತಸಾಧನೆಗೊಂದು ಹೀಗೆ ಹಲವು ಹೆಸರುಗಳಿರುತ್ತವೆ. ಯಾವ ಹೆಸರು ಯಾರದೆಂದು ಗುರುತಿಸಿ, ಒಬ್ಬೊಬ್ಬ ವ್ಯಕ್ತಿಗೂ, ಒಂದೊಂದು ಕೃತಿಗೂ, ಒಂದೊಂದು ಊರಿಗೂ ಪ್ರತ್ಯೇಕ ಸಂಖ್ಯೆಯನ್ನು ಕೊಟ್ಟು, ಒಂದಕ್ಕೊಂದು ಹೊಂದಿಸಬೇಕು. ನಲವತ್ತು ವರ್ಷ ಗುರುಗಳ ಬಳಿ ಕುಳಿತು ಕೇಳಿದವನ ತಲೆಯಲ್ಲಿದ್ದದ್ದು ಹೀಗೆ ಯಂತ್ರಕ್ಕೆ ಇಳಿಯಿತು. 2010ರ ಡಿಸೆಂಬರ್ 16ರಂದು ನ್ಯೂಯಾರ್ಕಿನಲ್ಲಿ ಸ್ಮಿತ್ತರು ಕಾಲವಾದರು. ಅವರ ಕೆಲಸವನ್ನು ಕುರಿತು ‘ಡಿಜಿಟಲ್ ಧರ್ಮ’ ಎಂಬ ಸಾಕ್ಷ್ಯಚಿತ್ರವೊಂದು 2012ರಲ್ಲಿ ಬಂತು. ಸಂಸ್ಥೆ ಈಗ ತನ್ನ ಹೆಸರಿನಿಂದ ‘ಟಿಬೆಟನ್’ ಎಂಬ ಮಾತನ್ನು ಬಿಟ್ಟು, ಇತರ ಭಾಷೆಗಳ ಬೌದ್ಧಗ್ರಂಥಗಳನ್ನೂ ಒಳಗೊಂಡು ಬೆಳೆದಿದೆ.

ಈ ಬಗೆಯ ಕೆಲಸದ ಒಂದು ಭಾಗ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ ನಡೆಯಿತೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಬೈಲಕುಪ್ಪೆಯ ಕಾಡನ್ನು ಕಡಿದು 1960ರಲ್ಲಿ ಟಿಬೆಟ್ಟಿನ ನಿರಾಶ್ರಿತರ ಮೊದಲ ವಸತಿಯನ್ನು ಅಂದಿನ ಮೈಸೂರು ರಾಜ್ಯ ಕೊಟ್ಟ ನೆಲದಲ್ಲಿ ಆರಂಭಿಸಲಾಯಿತು. 1963ರಲ್ಲಿ ಅಲ್ಲಿ ನಾಮ್ಡ್ರೋಲಿಂಗ್ ವಿಹಾರ ಹುಟ್ಟಿತು. ಬಕ್ಸಾದ ಸೆರೆಮನೆಯಲ್ಲಿ ಹತ್ತು ವರ್ಷ ಕಳೆದ ಭಿಕ್ಷುಗಳು ಕರ್ನಾಟಕಕ್ಕೆ ಬಂದು, ಸೆರಾ ವಿದ್ಯಾಪೀಠವನ್ನು ಬೈಲಕುಪ್ಪೆಯಲ್ಲಿಯೂ ಡ್ರೆಪುಂಗ್, ಗಾಂದೆನ್ ವಿದ್ಯಾಪೀಠಗಳನ್ನು ಮುಂಡಗೋಡಿನಲ್ಲಿಯೂ ಮತ್ತೆ ಕಟ್ಟಿದರು. 1980ರ ದಶಕದ ಕೊನೆಯಲ್ಲಿ ಏಷ್ಯನ್ ಕ್ಲಾಸಿಕ್ಸ್ ಇನ್ಪುಟ್ ಪ್ರಾಜೆಕ್ಟ್ ಎಂಬ ಯೋಜನೆಯಲ್ಲಿ ಸೆರಾ ಮೇ ವಿಹಾರದ ಭಿಕ್ಷುಗಳಿಗೂ ಯುವಕರಿಗೂ ಕಂಪ್ಯೂಟರಿನ ಕೀಲಿಮಣೆ ಕಲಿಸಿ, ಮರದಚ್ಚಿನ ಗ್ರಂಥಗಳನ್ನು ಅಕ್ಷರ ಅಕ್ಷರವಾಗಿ ಯಂತ್ರಕ್ಕೆ ಇಳಿಸುವ ಉದ್ಯೋಗ ಆರಂಭವಾಯಿತು. ಚಿತ್ರಕ್ಕೂ ಅಕ್ಷರಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ಪುಟದ ಚಿತ್ರವನ್ನು ಆಗ ಓದಬಹುದಾಗಿತ್ತೇ ಹೊರತು ಅದರೊಳಗಿನ ಒಂದು ಪದವನ್ನು ಯಂತ್ರದಿಂದ ಹುಡುಕಿಸಲಾಗುತ್ತಿರಲಿಲ್ಲ. ಅಕ್ಷರಗಳನ್ನು ಒತ್ತಿ ತುಂಬಿದರೆ, ಒಂದು ಪದ ಎಲ್ಲೆಲ್ಲಿ ಬಂದಿದೆಯೆಂಬುದು ಕ್ಷಣದಲ್ಲಿ ಕಣ್ಣ ಮುಂದೆ ನಿಲ್ಲುತ್ತದೆ. ತಪ್ಪು ನುಸುಳದಂತೆ ಇಬ್ಬರು ಬೇರೆ ಬೇರೆಯಾಗಿ ಒಂದೇ ಪುಟವನ್ನು ಒತ್ತುವರು. ಯಂತ್ರ ಎರಡನ್ನೂ ಹೋಲಿಸುವುದು. ಭೇದ ಕಂಡಲ್ಲಿ ಮೂಲವನ್ನು ನೋಡಿ ತಿದ್ದುವರು. ಇಬ್ಬರು ಒಂದೇ ಕಡೆ ಒಂದೇ ತಪ್ಪನ್ನು ಮಾಡುವುದು ಅಪರೂಪ ಎಂಬ ಸರಳವಾದ ತತ್ತ್ವದ ಮೇಲೆ ಈ ಕ್ರಮ ನಿಂತಿದೆ.

ಬೌದ್ಧರಿಗೆ ಇದು ಹೊಸ ಸ್ವಭಾವವಲ್ಲ. ಬುದ್ಧನ ಮಾತು ಮೊದಲು ಕಂಠಸ್ಥವಾಗಿ ಉಳಿಯಿತು. ಕ್ಷಾಮ ಯುದ್ಧಗಳಿಂದ ಕಂಠಗಳೇ ನಾಶವಾಗುವ ಭಯ ಬಂದಾಗ, ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ, ಸಿಂಹಳದ ಭಿಕ್ಷುಗಳು ಅದನ್ನು ಗರಿಯ ಮೇಲೆ ಬರೆದರು. ಲೋಕದಲ್ಲಿ ಕಾಲ ನಮೂದಾಗಿರುವ ಅತಿ ಹಳೆಯ ಮುದ್ರಿತ ಪುಸ್ತಕ 868ರಲ್ಲಿ ಚೀನದಲ್ಲಿ ಅಚ್ಚಾದ ವಜ್ರಚ್ಛೇದಿಕಾ ಸೂತ್ರ; ಅದು ಧರ್ಮಾರ್ಥವಾಗಿ ಹಂಚಲು ಮಾಡಿಸಿದ್ದೆಂದು ಅದರ ಕೊನೆಯಲ್ಲಿಯೇ ನಮೂದಿಸಿದೆ. ಇನ್ನೂ ಹಿಂದಕ್ಕೆ ಹೋದರೆ, ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯಿದೆ. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಆ ಅಶೋಕಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡನೆಂಬುವನ ಹೆಸರಿದೆ. ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಅವನು ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎಲ್ಲಿಯ ಗಾಂಧಾರ, ಎಲ್ಲಿಯ ಬ್ರಹ್ಮಗಿರಿ! ದೂರದಿಂದ ಬಂದ ಸಂಬಳದ ಲಿಪಿಕಾರನೊಬ್ಬ ಧರ್ಮದ ಮಾತನ್ನು ನಮ್ಮ ಕಲ್ಲಿನ ಮೇಲೆ ಕೆತ್ತಿಸಿ, ಪಕ್ಕದಲ್ಲಿ ತನ್ನ ಗುರುತನ್ನು ಬಿಟ್ಟುಹೋದ. ಸ್ಮಿತ್ತರು ಅವನ ಕುಲದವರೆಂದು ನನಗೆ ಅನ್ನಿಸುತ್ತದೆ.

ಈ ಕುಲದವರು ಇನ್ನೂ ಹಲವರಿದ್ದಾರೆ. ಜಾನ್ ಬುಲಿಟ್ ಎಂಬುವರು 1993ರಲ್ಲಿ ಆರಂಭಿಸಿದ ‘ಆಕ್ಸೆಸ್ ಟು ಇನ್‌ಸೈಟ್’ ಎಂಬ ಉಚಿತ ಭಂಡಾರದಲ್ಲಿ ಪಾಳಿಯ ಸೂತ್ರಗಳು ಇಂಗ್ಲಿಷಿನಲ್ಲಿ ದೊರೆಯುತ್ತವೆ. ಅಲ್ಲಿರುವ ಧಮ್ಮಪದದ ಅನುವಾದಗಳಲ್ಲಿ ಒಂದು ಬೆಂಗಳೂರಿನ ಆಚಾರ್ಯ ಬುದ್ಧರಕ್ಖಿತರದು. ಮಣಿಪುರದಲ್ಲಿ ಹುಟ್ಟಿ, 1956ರಲ್ಲಿ ಬೆಂಗಳೂರಿನಲ್ಲಿ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿ, 2013ರಲ್ಲಿ ತೀರಿಕೊಳ್ಳುವವರೆಗೂ ನಮ್ಮ ನಡುವೆಯೇ ಬಾಳಿದವರು ಅವರು. ಕನ್ನಡಕ್ಕೆ ಪಾಳಿಯಿಂದ ನೇರವಾಗಿ ಬುದ್ಧನನ್ನು ಕರೆತಂದ ಜಿ. ಪಿ. ರಾಜರತ್ನಂ ಅವರನ್ನು ಯಾರು ಮರೆತಾರು? ಎಲ್ಲ ದಾನಗಳಲ್ಲಿ ಧರ್ಮದಾನ ಹಿರಿದೆಂಬ ಬೌದ್ಧರ ನಂಬಿಕೆ ಇವರಿಗೆಲ್ಲ ಸಮಾನ. ಧರ್ಮಕ್ಕೆ ಬೆಲೆ ಕಟ್ಟಬಾರದು. ಕಟ್ಟದಿದ್ದರೆ ಕೆಲಸದವನ ಹೊಟ್ಟೆ ನಡೆಯುವುದೆಂತು? ಈ ತೊಡಕು ಚಪಡನ ಕಾಲದಿಂದಲೂ ಇದ್ದದ್ದೇ. ಅಶೋಕನ ಬೊಕ್ಕಸ ಒಮ್ಮೆ, ಗೋಧಿಯ ರೂಪಾಯಿ ಒಮ್ಮೆ, ದಾನಿಗಳ ಹಣ ಇನ್ನೊಮ್ಮೆ ಅದನ್ನು ಬಿಡಿಸಿವೆ.

ಇಷ್ಟು ಹೇಳಿದ ಮೇಲೆ ಸಂಶಯಗಳನ್ನೂ ಹೇಳದಿದ್ದರೆ ಪಕ್ಷಪಾತವಾಗುತ್ತದೆ. ಉಳಿಸುವುದೂ ಓದುವುದೂ ಒಂದೇ ಅಲ್ಲ. ಕಪಾಟಿನಲ್ಲಿ ಮಲಗಿದ್ದ ಗ್ರಂಥ ಯಂತ್ರದಲ್ಲಿಯೂ ಮಲಗಿರಬಲ್ಲುದು. ಪದವನ್ನು ಕ್ಷಣದಲ್ಲಿ ಹುಡುಕಿಕೊಡುವ ಅನುಕೂಲ, ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದುವ ತಾಳ್ಮೆಯನ್ನು ಕಸಿದುಕೊಳ್ಳುವುದನ್ನು ನಾನು ನನ್ನ ವಿದ್ಯಾರ್ಥಿಗಳಲ್ಲಿ ಕಂಡಿದ್ದೇನೆ, ನನ್ನಲ್ಲಿಯೂ ಕಂಡಿದ್ದೇನೆ. ಗುರುವಿನಿಂದ ದೀಕ್ಷೆ ಪಡೆಯದವರು ಓದಬಾರದೆಂದು ಸಂಪ್ರದಾಯ ವಿಧಿಸಿದ ತಾಂತ್ರಿಕ ಗ್ರಂಥಗಳನ್ನು ಏನು ಮಾಡುವುದೆಂಬ ಪ್ರಶ್ನೆಯೂ ಇದೆ. ಅಂಥ ಕೆಲವನ್ನು ಎಲ್ಲರಿಗೂ ತೆರೆಯದೆ ಇಡುವ ಕ್ರಮವನ್ನು ಸಂಸ್ಥೆ ಅನುಸರಿಸುತ್ತದೆ. ಯಂತ್ರವೇನೂ ಚಿರಂಜೀವಿಯಲ್ಲ. ಮೊದಲು ಅಕ್ಷರಗಳನ್ನು ತುಂಬಿಟ್ಟಿದ್ದ ಫ್ಲಾಪಿಗಳನ್ನು ಓದುವ ಯಂತ್ರ ಇಂದು ಹುಡುಕಿದರೂ ಸಿಗುವುದು ಕಷ್ಟ. ಬ್ರಹ್ಮಗಿರಿಯ ಬಂಡೆ ಎರಡು ಸಾವಿರದ ಇನ್ನೂರು ವರ್ಷ ತಾನಾಗಿಯೇ ನಿಂತಿದೆ. ಡಿಸ್ಕನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಯಾರಾದರೂ ನೆನೆದು ಹೊಸದಕ್ಕೆ ಇಳಿಸಬೇಕು. ಹಿಂದಿನ ಲಿಪಿಕಾರರು ಸವೆದ ಗರಿಯನ್ನು ಹೊಸ ಗರಿಗೆ ಇಳಿಸುತ್ತಿದ್ದ ಶ್ರಮವೇ ಬೇರೆ ವೇಷದಲ್ಲಿ ಮುಂದುವರಿದಿದೆ. ಸ್ಮಿತ್ತರ 12,000 ಸಂಪುಟಗಳು ಕೊನೆಗೆ ಹೋದದ್ದು ಚೀನದ ಚೆಂಗ್ಡು ನಗರದ ವಿಶ್ವವಿದ್ಯಾನಿಲಯವೊಂದಕ್ಕೆ. ಟಿಬೆಟ್ಟಿನ ನೆರೆಯಲ್ಲಿರುವ ನಗರ ಅದು. ಗ್ರಂಥಗಳ ಪ್ರತಿಬಿಂಬ ಲೋಕದಲ್ಲೆಲ್ಲ ಹರಡಿದ ಮೇಲೆ ಮೂಲವನ್ನು ಅದರ ನೆಲದ ಹತ್ತಿರಕ್ಕೆ ಮರಳಿಸಲು ಧೈರ್ಯ ಬಂದಿರಬೇಕು.

ಕಳೆದ ಕಾರ್ತಿಕದಲ್ಲಿ ನಾನು ಬೈಲಕುಪ್ಪೆಗೆ ಹೋಗಿದ್ದೆ. ಸ್ವರ್ಣಮಂದಿರವನ್ನು ನೋಡುವ ಜನಸಂದಣಿಯಿಂದ ಸ್ವಲ್ಪ ದೂರದಲ್ಲಿ, ಜೋಳದ ಹೊಲದ ಪಕ್ಕದ ಕಟ್ಟಡದಲ್ಲಿ, ಸಣ್ಣ ಹುಡುಗರು ಗಟ್ಟಿಯಾಗಿ ಅಕ್ಷರ ಹೇಳುತ್ತಿದ್ದರು: ಕ, ಖ, ಗ, ಙ. ಬ್ರಾಹ್ಮಿಯ ಮಕ್ಕಳೇ ಆದ ಎರಡು ಲಿಪಿಗಳು ಹೀಗೆ ಕಾವೇರಿಯ ದಡದಲ್ಲಿ ಮತ್ತೆ ನೆರೆಹೊರೆಯಾಗಿವೆ. ಒಳಗಡೆ ವಯಸ್ಸಾದ ಭಿಕ್ಷುಗಳೊಬ್ಬರು ಸ್ಕ್ಯಾನ್ ಮುಗಿದ ಗ್ರಂಥದ ಹಾಳೆಗಳನ್ನು ಎಣಿಸಿ, ಅಂಚು ಸರಿಮಾಡಿ, ಹಲಗೆಗಳ ನಡುವೆ ಇಟ್ಟು ಹಳದಿ ವಸ್ತ್ರದಲ್ಲಿ ಸುತ್ತುತ್ತಿದ್ದರು. ಬಾಲ್ಯದಲ್ಲಿಯೇ ಇಲ್ಲಿಗೆ ಬಂದವರಾದ್ದರಿಂದ ಅವರ ಕನ್ನಡ ನಮ್ಮ ಸೀಮೆಯ ಕನ್ನಡವೇ. “ಎಲ್ಲವೂ ಕಂಪ್ಯೂಟರಿನಲ್ಲಿ ಬಂತಲ್ಲ ಸ್ವಾಮಿ, ಇನ್ನು ಇದನ್ನು ಇಷ್ಟು ಜೋಪಾನ ಮಾಡುವುದೇಕೆ?” ಎಂದು ನಾನು ಕೇಳಿದೆ. ಅವರು ಗಂಟು ಬಿಗಿಯುತ್ತ, “ಮೇಷ್ಟ್ರೇ, ಫೋಟೋ ತೆಗೆದ್ವಿ ಅಂತ ಅಪ್ಪನ್ನ ಮನೆಯಿಂದ ಕಳಿಸ್ತೀವಾ?” ಎಂದು ನಕ್ಕರು. ನಾನು ಉತ್ತರ ಕೊಡಲಿಲ್ಲ. ನಾವು ಫೋಟೋವನ್ನೂ ತೆಗೆದಿರಲಿಲ್ಲವೆಂದು ಹೇಳಲು ನನಗೆ ನಾಲಗೆ ಬರಲಿಲ್ಲ.

ಮನೆಗೆ ಬಂದವನು ಹಳೆಯ ಮನೆಯ ಅಟ್ಟವನ್ನು ಮತ್ತೊಮ್ಮೆ ಹತ್ತಿದೆ. ಮೂಲೆಯಲ್ಲಿ, ಒಡೆದ ಕೊಳಗದ ಕೆಳಗೆ, ಒಂದು ಕಡತ ಸಿಕ್ಕಿತು. ಕಪ್ಪು ಬಳಿದ ಬಟ್ಟೆಯನ್ನು ಮಡಿಸಿ ಬಳಪದಿಂದ ಬರೆಯುತ್ತಿದ್ದ ಹಿಂದಿನವರ ಲೆಕ್ಕದ ಪುಸ್ತಕ. ಅಕ್ಷರ ತಾತನ ತಂದೆಯವರದಿರಬೇಕು. ಯಾರಿಗೆ ಎಷ್ಟು ಕೊಳಗ ರಾಗಿ ಕೊಟ್ಟರು, ಯಾರು ಎಷ್ಟು ಹಿಂದಿರುಗಿಸಿದರು ಎಂಬ ಲೆಕ್ಕವಲ್ಲದೆ ಅದರಲ್ಲಿ ಬೇರೇನೂ ಇಲ್ಲ. ಲೋಕಕ್ಕೆ ಅದರಿಂದ ಆಗಬೇಕಾದುದೂ ಏನಿಲ್ಲ. ಆದರೂ ಮೈಸೂರಿಗೆ ಕೊಂಡೊಯ್ದು, ಮಡಿಕೆ ಮಡಿಕೆಯಾಗಿ ಬಿಡಿಸಿ, ಪ್ರತಿಯೊಂದು ಪುಟವನ್ನೂ ಸ್ಕ್ಯಾನ್ ಮಾಡಿಸಿದೆ. ಆಮೇಲೆ ಭಿಕ್ಷುಗಳು ಮಾಡಿದಂತೆ ಅಂಚು ಸರಿಮಾಡಿ, ಒಂದು ಒಗೆದ ವಸ್ತ್ರದಲ್ಲಿ ಸುತ್ತಿ, ಅಟ್ಟದ ಮೇಲಲ್ಲ, ನನ್ನ ಪುಸ್ತಕಗಳ ಜೊತೆಯಲ್ಲಿ ಇಟ್ಟಿದ್ದೇನೆ.